ಹಿಮದ ನಾಡಿನಲ್ಲಿ ಆಯಾ ಕಾಲದ್ದನ್ನೇ ಉಣ್ಣುವುದು ಹೇಗೆ?

ಪ್ರಶ್ನೆ (ದಾವಣಗೆರೆಯಿಂದ):
ಹೆಲ್ಸಿಂಕಿಯಲ್ಲಿರುವ ನನ್ನ ಮಗಳು ಆ ನೆಲದಲ್ಲಿ ಆಯಾ ಕಾಲಕ್ಕೆ ಬೆಳೆದದ್ದನ್ನಷ್ಟೇ ಉಣ್ಣುವುದಾಗಿ ಪಣ ತೊಟ್ಟಿದ್ದಾಳೆ. ರೊಟ್ಟಿಯ ಜೊತೆ ಹಸಿ ಹಕ್ಕರಿಕೆ, ಮೆಂತ್ಯದ ಸೊಪ್ಪು ತಿಂದು ಬೆಳೆದ ಹುಡುಗಿ, ನೆಲವೇ ಹೆಪ್ಪುಗಟ್ಟುವ ಜನವರಿಯಲ್ಲಿ ಏನನ್ನು ಉಣ್ಣಬೇಕು? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಫಿನ್‌ಲೆಂಡಿನಲ್ಲಿ ಆರು ವರ್ಷ ಇದ್ದವರು):
ಅಲ್ಲಿ ಜನವರಿಯ ಊಟ ಸೆಪ್ಟೆಂಬರಿನಲ್ಲೇ ತೀರ್ಮಾನವಾಗಿರುತ್ತದೆ. ಆಲೂಗಡ್ಡೆ, ಗಜ್ಜರಿ, ಬೀಟ್‌ರೂಟ್, ಎಲೆಕೋಸು ಮತ್ತು ಲಾಂಟು ಎಂಬ ಹಳದಿ ತಿರುಳಿನ ಗಡ್ಡೆಯನ್ನು ತಂಪಾದ ನೆಲಮಾಳಿಗೆಯಲ್ಲಿಟ್ಟು, ಗಜ್ಜರಿಯನ್ನು ಹಸಿ ಮರಳಿನಲ್ಲಿ ಹೂತು, ವಸಂತದವರೆಗೆ ಉಣ್ಣುವುದು ಹಳೆಯ ರೂಢಿ. ಜುಲೈ ಕೊನೆಗೆ ಕಾಡಿನಲ್ಲಿ ನೀಲಿ ಹಣ್ಣು, ಸೆಪ್ಟೆಂಬರಿನಲ್ಲಿ ಕೆಂಪು ಲಿಂಗನ್‌ಬೆರಿ. ಕಾಡು ಯಾರದೇ ಆಗಿರಲಿ, ಆಯ್ದುಕೊಳ್ಳುವ ಹಕ್ಕು ಎಲ್ಲರಿಗೂ ಇದೆ. ಲಿಂಗನ್‌ಬೆರಿಯಲ್ಲಿ ಬೆಂಜೋಯಿಕ್ ಆಮ್ಲ ಸಹಜವಾಗಿಯೇ ಇರುವುದರಿಂದ, ಸಕ್ಕರೆಯಿಲ್ಲದೆ ನೀರಿನಲ್ಲಿ ಮುಳುಗಿಸಿ ತಂಪಿನಲ್ಲಿಟ್ಟರೂ ತಿಂಗಳುಗಟ್ಟಲೆ ಕೆಡದು.

ಹಸಿ ಸೊಪ್ಪಿನ ಜಾಗಕ್ಕೆ ಹುಳಿ ಎಲೆಕೋಸು ಬರುತ್ತದೆ. ಸಣ್ಣಗೆ ಹೆಚ್ಚಿದ ಒಂದು ಕಿಲೋ ಕೋಸಿಗೆ 20 ಗ್ರಾಂ ಉಪ್ಪು ಹಾಕಿ, ಅದರದೇ ನೀರು ಒಸರುವವರೆಗೆ ಕೈಯಿಂದ ಹಿಸುಕಿ, ಭರಣಿಗೆ ಒತ್ತಿ ತುಂಬಿ, ಮೇಲೊಂದು ಭಾರವಿಡಬೇಕು. ಎರಡು–ಮೂರು ದಿನಕ್ಕೆ ಗುಳ್ಳೆಯೇಳುತ್ತದೆ, ಮೂರು ವಾರಕ್ಕೆ ಹದವಾದ ಹುಳಿ ಬರುತ್ತದೆ. ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದರೆ ರೊಟ್ಟಿಗೂ ಒಪ್ಪುತ್ತದೆ (ಮೆಣಸಿನಕಾಯಿ ಮಾತ್ರ ಊರಿನಿಂದಲೇ ಹೋಗಬೇಕು).

ಉತ್ತರ 2 (ಚಿತ್ರದುರ್ಗದಿಂದ):
ಇದರಲ್ಲಿ ನಮಗೆ ಅಪರಿಚಿತವಾದದ್ದು ಕಡಿಮೆ. ನಮ್ಮ ಸೀಮೆಯ ಹಗೇವು, ಅಂದರೆ ಧಾನ್ಯ ಕೂಡಿಡುವ ನೆಲಗುಂಡಿ, ಮಳೆ ಕೈಕೊಟ್ಟ ವರ್ಷಕ್ಕೆಂದೇ ತೋಡಿದ್ದು. ಅಜ್ಜನ ಮನೆಯಲ್ಲಿ ಹಗೇವಿನ ಬಾಯಿಯ ಕಲ್ಲು ಸರಿಸಿದ ಕೂಡಲೇ ಯಾರನ್ನೂ ಒಳಗಿಳಿಸುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಟ್ಟು, ಅದು ಆರದಿದ್ದರಷ್ಟೇ ಜೋಳ ತೆಗೆಯಲು ಇಳಿಯುತ್ತಿದ್ದರು. ಆದರೆ ನನಗೊಂದು ಅನುಮಾನ: ಹೆಲ್ಸಿಂಕಿಯ ಗಾಜಿನಮನೆಯಲ್ಲಿ ಚಳಿಗಾಲದಲ್ಲಿ ಬೆಳೆದ ಟೊಮೆಟೊ ಸ್ಥಳೀಯವೇ?

ಉತ್ತರ 1 (ಮತ್ತೆ):
ಸ್ಥಳೀಯ ಹೌದು, ಕಾಲದ್ದಲ್ಲ. ಅದಕ್ಕೆ ದಿನದ ಬಹುಹೊತ್ತು ದೀಪ, ಜೊತೆಗೆ ಶಾಖವೂ ಬೇಕು. ನನ್ನ ಮಟ್ಟಿಗೆ ಅದು ಪಣದಿಂದ ಹೊರಗೆ. ಅದಕ್ಕಿಂತ ರೈ ಧಾನ್ಯದ ರೊಟ್ಟಿಯ ಕಡೆ ನೋಡಲಿ. ಪಶ್ಚಿಮ ಫಿನ್‌ಲೆಂಡಿನಲ್ಲಿ ಹಿಂದೆ ವರ್ಷಕ್ಕೆ ಕೆಲವೇ ಬಾರಿ ಒಲೆ ಹೊತ್ತಿಸಿ, ನಡುವೆ ತೂತಿರುವ ಚಪ್ಪಟೆ ರೊಟ್ಟಿಗಳನ್ನು ಸುಟ್ಟು, ಸೂರಿನಡಿ ಗಳಕ್ಕೆ ಪೋಣಿಸಿ ಒಣಗಿಸುತ್ತಿದ್ದರು. ನಮ್ಮ ಕಡಕ್ ರೊಟ್ಟಿಯ ಸೋದರಸಂಬಂಧಿಯೇ ಸರಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಮಗಳು ಒಂದು ಕೋಸಿಗೆ ಉಪ್ಪು ಹಾಕಿದ್ದಾಳೆ. ಬ್ಯಾಡಗಿ ಮೆಣಸಿನಕಾಯಿಯ ಪೊಟ್ಟಣ ನಾಳೆ ಇಲ್ಲಿಂದ ಹೊರಡುತ್ತದೆ.