ಪ್ಯಾಲೆಟ್ ಸೇವ್ ಮಾಡಿ ಕಳಿಸಿದ್ರೂ ಆ ಕಡೆ ಬಣ್ಣ ಅದಲುಬದಲು, ಗೊತ್ತಿದ್ದೋರು ಹೇಳ್ರಪ್ಪ

ಬೆಣ್ಣೆನಗರಿ_ಗ್ರಾಫ್ (ದಾವಣಗೆರೆ): ತಲೆ ಕೆಟ್ಟೋಗೈತೆ ಕಣ್ರೀ. ಸೀರೆ ಡಿಸೈನಿಗೆ ಅಂತ ನಂದೇ ಒಂದು ಪ್ಯಾಲೆಟ್ (ಬಣ್ಣದ ಪಟ್ಟಿ) ಮಾಡ್ಕೊಂಡಿದೀನಿ, ಒಡಲಿಗೊಂದು ಬಣ್ಣ, ಅಂಚಿಗೊಂದು, ಬುಟ್ಟಾಗೊಂದು, ಜರಿಗೊಂದು, ಅದ್ರಲ್ಲೇ ಗ್ರಾಫ್ (ಚೌಕ ಚೌಕದ ನೇಯ್ಗೆ ನಕ್ಷೆ) ತುಂಬಿ ಮೊಳಕಾಲ್ಮೂರಿನ ಮಗ್ಗದೋರಿಗೆ ಕಳಿಸ್ತೀನಿ, ಅಲ್ಲಿ ಓಪನ್ ಮಾಡಿದ್ರೆ ಜರಿ ಜಾಗಕ್ಕೆ ಬುಟ್ಟಾದ ನೇಯ್ಗೆ ಬಂದು ಕೂರ್ತೈತೆ. ಒಂದು ಡಿಸೈನ್ ಸರಿ ಬರುತ್ತೆ, ಇನ್ನೊಂದು ಬರಲ್ಲ. ಮಗ್ಗಕ್ಕೆ ಹಾಕೋ ತೂತಿನ ಕಾರ್ಡ್ ಹೊಡೆದ ಮೇಲೆ ಗೊತ್ತಾದ್ರೆ ದುಡ್ಡು ಯಾರು ಕೊಡ್ತಾರೆ? ಅರ್ಜೆಂಟ್.

ಜರಿಅಂಚು: ಮಾನಿಟರ್ ಕ್ಯಾಲಿಬ್ರೇಟ್ (ಬಣ್ಣ ಅಳೆದು ಸರಿ) ಮಾಡಿದೀರಾ? ನೂರಕ್ಕೆ ನೂರು ಅದೇ ಇದು.

ಬೆಣ್ಣೆನಗರಿ_ಗ್ರಾಫ್: ಮಾನಿಟರ್ ಅಲ್ಲ ಸರ್. ಕೆಂಪು ಸ್ವಲ್ಪ ಮಂಕಾಗಿ ಕಂಡ್ರೆ ನಡಿಯುತ್ತೆ, ಇಲ್ಲಿ ನೇಯ್ಗೆನೇ ಬದಲಾಗ್ತೈತೆ.

ದುರ್ಗದ_ಡಿಸೈನರ್: ಸ್ವಾಚಸ್ ಪ್ಯಾನೆಲ್ ಮೆನುಗೆ ಹೋಗಿ ಎಎಸ್ಇ (ಬಣ್ಣದ ಪಟ್ಟಿಯ) ಫೈಲ್ ಆಗಿ ಸೇವ್ ಮಾಡಿ ಕಳ್ಸಿ. ಪ್ಯಾಟರ್ನು ಗ್ರೇಡಿಯೆಂಟು ಅದ್ರಲ್ಲಿ ಹೋಗಲ್ಲ, ಬರೀ ಬಣ್ಣ ಹೋಗ್ತವೆ.

ಬೆಣ್ಣೆನಗರಿ_ಗ್ರಾಫ್: ಅಂಥ ಪ್ಯಾನೆಲ್ಲೇ ಇಲ್ಲ ನಂದ್ರಲ್ಲಿ. ಗಿಂಪ್ ರೀ, ಚಿತ್ರ ತಿದ್ದೋ ಫ್ರೀ ಸಾಫ್ಟ್‌ವೇರ್.

ದುರ್ಗದ_ಡಿಸೈನರ್: ಅದನ್ನ ಮೊದ್ಲೇ ಹೇಳ್ಬೇಕಲ್ವಾ. ದುಡಿಯೋ ಕೆಲಸಕ್ಕೆ ಇಲ್ಲಸ್ಟ್ರೇಟರ್ ತಗೊಳ್ಳಿ, ಫ್ರೀ ಸಾಫ್ಟ್‌ವೇರಲ್ಲಿ ಎಷ್ಟು ದಿನ ಒದ್ದಾಡ್ತೀರಾ.

ಮಗ್ಗದಮನೆ: ಗ್ರಾಫಲ್ಲಿ ಒಂದು ಪಿಕ್ಸೆಲ್ ಅಂದ್ರೆ ಒಂದು ಚೌಕ, ಅದಕ್ಕೆ ಇಲ್ಲಸ್ಟ್ರೇಟರ್ ಯಾಕ್ರೀ ಬೇಕು? ಮೊಳಕಾಲ್ಮೂರು ಸೀರೆಗೆ ಜಿಐ (ಭೌಗೋಳಿಕ ಗುರುತು) ಬಂದಿದ್ದು 2011ರಲ್ಲಿ, ಅದಕ್ಕೂ ಎಷ್ಟೋ ಮುಂಚಿಂದ ನಮ್ಮೋರು ಚೌಕದ ಹಾಳೇಲಿ ಪೆನ್ಸಿಲ್ ಹಿಡಿದು ತುಂಬ್ತಿದ್ರು. ನೇಯೋರಿಗೆ ತಿಂಗಳು ತಿಂಗಳು ಬಾಡಿಗೆ ಕಟ್ಟೋ ಸಾಫ್ಟ್‌ವೇರ್ ಹೊರಿಸ್ಬೇಡಿ.

ದುರ್ಗದ_ಡಿಸೈನರ್: ಹೊರಿಸ್ತಿಲ್ಲ, ನನ್ನ ಅನುಭವ ಹೇಳ್ದೆ ಅಷ್ಟೆ.

ಜರಿಅಂಚು: ಎರಡೂ ಕಡೆ ಎಸ್ಆರ್‌ಜಿಬಿ ಅನ್ನೋ ಬಣ್ಣದ ಪ್ರೊಫೈಲ್ ಇದೆಯಾ ನೋಡಿ. ನಾನು 27 ಇಂಚಿನ ಮಾನಿಟರ್ ಹಾಕಿ ಬಣ್ಣ ಅಳೆಯೋ ಪ್ರೋಬ್ ಇಟ್ಟು ಕ್ಯಾಲಿಬ್ರೇಟ್ ಮಾಡ್ತೀನಿ, ಪಕ್ಕದಲ್ಲಿ ರೇಷ್ಮೆ ಲಡಿ ಇಟ್ಟು ನೋಡಿದ್ರೂ ಎರಡೂ ಒಂದೇ ಥರ ಕಾಣ್ತವೆ.

ಮಗ್ಗದಮನೆ: ಜರಿಅಂಚು ಅವ್ರೇ, ಜಕಾರ್ಡ್ (ಡಿಸೈನ್ ನೇಯೋ ಮಗ್ಗದ) ಸಾಫ್ಟ್‌ವೇರ್ ಬಣ್ಣ ನೋಡಲ್ಲ, ಪ್ಯಾಲೆಟ್‌ನಲ್ಲಿ ಅದು ಎಷ್ಟನೇ ನಂಬರ್ ಅಂತ ನೋಡುತ್ತೆ, ಆ ನಂಬರಿಗೆ ಕೊಟ್ಟಿರೋ ನೇಯ್ಗೆ ಹಾಕುತ್ತೆ. ಬೆಣ್ಣೆನಗರಿ, ನೀವು ಇಮೇಜ್, ಮೋಡ್, ಇಂಡೆಕ್ಸ್ಡ್‌ಗೆ (ಬಣ್ಣಕ್ಕೆ ನಂಬರ್ ಕೊಡೋ ಮೋಡ್) ಹೋಗಿ ಕಸ್ಟಮ್ ಪ್ಯಾಲೆಟ್ ಆರಿಸ್ತೀರಲ್ಲ, ಅದ್ರ ಕೆಳಗೆ ಬಳಸದ ಬಣ್ಣ ತೆಗೆಯೋ ಟಿಕ್ ಇರುತ್ತೆ, ಮೊದ್ಲಿಂದಾನೇ ಆನ್ ಇರುತ್ತೆ ಅದು. ಬುಟ್ಟಾ ಇಲ್ಲದ ಡಿಸೈನ್ ಆದ್ರೆ ಬುಟ್ಟಾದ ಬಣ್ಣ ಲಿಸ್ಟಿಂದ ಬಿದ್ದೋಗುತ್ತೆ, ಅದರ ಹಿಂದೆ ಇದ್ದ ಜರಿ ಒಂದು ಮೆಟ್ಲು ಮೇಲೆ ಬಂದು ಬುಟ್ಟಾದ ನಂಬರಲ್ಲಿ ಕೂರುತ್ತೆ. ಎಲ್ಲಾ ಬಣ್ಣಾನೂ ಬಳಸಿರೋ ಡಿಸೈನ್ ಮಾತ್ರ ಸರಿ ಬರ್ತಿರ್ಬೇಕು, ಹೌದೋ ಅಲ್ವೋ ನೋಡಿ. ಟಿಕ್ ತೆಗೀರಿ, ಡಿದರಿಂಗ್ (ಚುಕ್ಕಿ ಬೆರೆಸಿ ಬಣ್ಣ ತೋರ್ಸೋದು) ಬೇಡ ಅಂತ (None) ಇಡಿ, ಬಿಎಂಪಿ ಫೈಲ್ ಮಾಡಿ ಕಳ್ಸಿ. ಜೆಪೆಗ್ ಬೇಡವೇ ಬೇಡ, ಗೆರೆ ಪಕ್ಕದಲ್ಲೆಲ್ಲ ಇಲ್ಲದ ಬಣ್ಣ ಹುಟ್ಕೋತವೆ.

ಬೆಣ್ಣೆನಗರಿ_ಗ್ರಾಫ್: ಹೌದಣ್ಣಾ! ಸರಿ ಬರ್ತಿದ್ದಿದ್ದು ಬುಟ್ಟಾ ಇರೋದೇ! ಟಿಕ್ ತೆಗೆದು ಕಳಿಸ್ದೆ, ಕೂತ್ಕೊಂತು. ಇನ್ನೊಂದು ಐತೆ, ಪ್ಯಾಲೆಟ್ ಫೈಲೇ ಕೊಟ್ರೆ ಅಲ್ಲಿರೋ ಹುಡುಗನೇ ಚಿಕ್ಕಪುಟ್ಟದ್ದು ತಿದ್ಕೋತಾನೆ, ಆದ್ರೆ ಅವ್ನ ಗಿಂಪ್‌ನಲ್ಲಿ ಕಾಣ್ತಾನೇ ಇಲ್ವಂತೆ.

ಮಗ್ಗದಮನೆ: ಪ್ರಿಫರೆನ್ಸಸ್‌ನಲ್ಲಿ ಫೋಲ್ಡರ್ಸ್, ಅದ್ರೊಳಗೆ ಪ್ಯಾಲೆಟ್ಸ್ ಅಂತಿರುತ್ತೆ, ಅಲ್ಲಿ ತೋರ್ಸೋ ಜಾಗಕ್ಕೇ ಜಿಪಿಎಲ್ ಫೈಲ್ (ಗಿಂಪ್ ಪ್ಯಾಲೆಟ್ ಫೈಲ್) ಹಾಕ್ಬೇಕು, ಆಮೇಲೆ ಪ್ಯಾಲೆಟ್ ಲಿಸ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ರಿಫ್ರೆಶ್. ನೋಟ್‌ಪ್ಯಾಡಲ್ಲಿ ತೆಗೆದು ಸೇವ್ ಮಾಡಿದ್ರೆ ಹೆಸರಿನ ಕೊನೇಲಿ ಟಿಎಕ್ಸ್‌ಟಿ ಸೇರಿರ್ಬಹುದು, ಎಕ್ಸ್‌ಟೆನ್ಶನ್ ತೋರ್ಸೋದು ಆನ್ ಮಾಡಿ ನೋಡಕ್ಕೆ ಹೇಳಿ. ಅದೇ ಫೈಲ್ ಇನ್ನೊಂದು ಡ್ರಾಯಿಂಗ್ ಸಾಫ್ಟ್‌ವೇರ್ ಆದ ಇಂಕ್‌ಸ್ಕೇಪ್‌ಗೂ ಆಗುತ್ತೆ.

ಚಳ್ಳಕೆರೆ_ಎಂಬ್ರಾಯ್ಡರಿ: ಅಕ್ಕಪಕ್ಕದ ಪ್ರಶ್ನೆ, ಬ್ಲೌಸ್ ಡಿಸೈನನ್ನ ಎಂಬ್ರಾಯ್ಡರಿ ಮಷೀನ್ ಓದೋ ಫೈಲ್ ಆದ ಡಿಎಸ್‌ಟಿ ಮಾಡಿ ಕಳಿಸಿದ್ರೆ ಆ ಕಡೆ ಗಿಣಿಹಸಿರು ಹೋಗಿ ಯಾವ್ಯಾವ್ದೋ ಬಣ್ಣ ಕಾಣುತ್ತಲ್ಲ, ಅದಕ್ಕೂ ಈ ಟಿಕ್ಕೇನಾ?

ದುರ್ಗದ_ಡಿಸೈನರ್: ಅಲ್ಲ ಮೇಡಂ, ಡಿಎಸ್‌ಟಿಲಿ ಬಣ್ಣನೇ ಇರಲ್ಲ, ಎಲ್ಲಿ ದಾರ ಬದಲಿಸ್ಬೇಕು ಅಂತಷ್ಟೇ ಇರುತ್ತೆ. ದಾರದ ಕಂಪನಿ, ಶೇಡ್ ನಂಬರ್ ಸಾಲಾಗಿ ಬರೆದು ಜೊತೆಗೆ ಕಳ್ಸಿ.

ಜರಿಅಂಚು: ಅವ್ರ ಮಾನಿಟರ್ ಯಾವ್ದು?