ಅಂಟಾರ್ಕ್ಟಿಕಾದ ಬೆಟ್ಟಗಳು: ಮಾಸಿಫ್, ನುನಾಟಕ್, ಸ್ಪರ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಅಂಟಾರ್ಕ್ಟಿಕಾದ ಭೂಪಟವೊಂದಕ್ಕೆ ಕನ್ನಡದಲ್ಲಿ ಹೆಸರು ಬರೆಯುತ್ತಿದ್ದೇನೆ. ವಿನ್ಸನ್, ಎರೆಬಸ್ ಇಂಥವನ್ನು ಇದ್ದ ಹಾಗೇ ಬರೆದರಾಯಿತು. ತೊಡಕಿರುವುದು ಅವುಗಳ ಜೊತೆ ಬರುವ ಮೌಂಟ್, ಮಾಸಿಫ್, ನುನಾಟಕ್, ಸ್ಪರ್‌ಗಳಲ್ಲಿ. ಇವು ಬೆಟ್ಟದ ಬಗೆಯನ್ನು ಹೇಳುವ ಪದಗಳು. ಇವನ್ನೂ ಹಾಗೇ ಬಿಟ್ಟರೆ ಮಗುವಿಗೆ ಪಟದಿಂದ ಏನೂ ತಿಳಿಯುವುದಿಲ್ಲ, ಅಲ್ವಾ?

ಮೊದಲು ಮಾಸಿಫ್. ಅಂಟಾರ್ಕ್ಟಿಕಾದ ಅತಿ ಎತ್ತರದ ಶಿಖರ ಯಾವುದು ಎಂದರೆ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ‘ವಿನ್ಸನ್ ಮಾಸಿಫ್’ ಎಂಬ ಉತ್ತರ ಸಿಗುತ್ತದೆ. ಇದು ಸರಿಯಲ್ಲ. ಮಾಸಿಫ್ ಅಂದರೆ ಶಿಖರ ಅಲ್ಲ. ಒಂದೇ ಮೈಯಿಂದ ಹಲವು ಶಿಖರಗಳು ಎದ್ದಿರುವ ದೊಡ್ಡ ಬೆಟ್ಟ ಅದು. ವಿನ್ಸನ್ ಮಾಸಿಫ್ ಸುಮಾರು 21 ಕಿ.ಮೀ. ಉದ್ದ, 13 ಕಿ.ಮೀ. ಅಗಲ ಇದೆ. ಅದರ ಮೇಲಿನ ಅತಿ ಎತ್ತರದ ತುದಿ ಮೌಂಟ್ ವಿನ್ಸನ್, 4892 ಮೀಟರ್. ಅಂಟಾರ್ಕ್ಟಿಕಾದ ಹೆಸರುಗಳನ್ನು ನೋಡಿಕೊಳ್ಳುವ ಅಮೆರಿಕದ ಸಮಿತಿ 2006ರಲ್ಲಿ ಇವೆರಡನ್ನೂ ಬೇರೆಬೇರೆ ಎಂದು ದಾಖಲಿಸಿತು. ಅದಕ್ಕೆ ಮುಂಚೆ ಎರಡೂ ಒಂದೇ ಎನ್ನುವ ಹಾಗೆ ಬಳಕೆಯಲ್ಲಿದ್ದವು. ನಮ್ಮ ಪುಸ್ತಕಗಳು ಇನ್ನೂ ಅಲ್ಲೇ ನಿಂತಿವೆ.

ಮಾಸಿಫ್‌ಗೆ ‘ಗಿರಿಸ್ತೋಮ’ ಅನ್ನಬಹುದು, ಆದರೆ ಮಕ್ಕಳ ಬಾಯಿಗೆ ಭಾರ. ‘ಬೆಟ್ಟಗಳ ಗುಂಪು’ ಅಂದರೆ ಬಿಡಿಬಿಡಿಯಾಗಿ ನಿಂತ ಬೆಟ್ಟಗಳು ಕಣ್ಣಿಗೆ ಬರುತ್ತವೆ. ‘ಹೆಬ್ಬೆಟ್ಟ’ ಚೆನ್ನಾಗಿದೆ, ಆದರೆ ಓದುವವರ ಕಣ್ಣು ಹೆಬ್ಬೆಟ್ಟಿನ ಕಡೆಗೇ ಹೋಗುತ್ತದೆ. ನನಗೆ ಹೊಳೆದದ್ದು ‘ಕೂಡುಬೆಟ್ಟ’. ಕೂಡುಕುಟುಂಬ ಎಲ್ಲರಿಗೂ ಗೊತ್ತಿರುವ ಪದ, ಹಾಗಾಗಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾವನದುರ್ಗದ ಕರಿಗುಡ್ಡ, ಬಿಳಿಗುಡ್ಡ ನೋಡಿದವರಿಗೆ ಇದರ ರೂಪವೂ ತಟ್ಟನೆ ಹೊಳೆಯುತ್ತದೆ. ವಿನ್ಸನ್ ಕೂಡುಬೆಟ್ಟ, ಅದರ ಮೇಲೆ ವಿನ್ಸನ್ ಶಿಖರ. ನಿಮಗೆ ಒಪ್ಪಿಗೆಯೇ?

ಮೌಂಟ್ ಬಂದಲ್ಲೆಲ್ಲ ‘ಶಿಖರ’ ಎಂದೇ ಬರೆಯಲು ಮಾತ್ರ ಮನಸ್ಸಿಲ್ಲ. 1841ರಲ್ಲಿ ಬ್ರಿಟನ್ನಿನ ನಾವಿಕ ಜೇಮ್ಸ್ ಕ್ಲಾರ್ಕ್ ರಾಸ್ ತನ್ನ ಹಡಗಿನ ಹೆಸರಿಟ್ಟ ಎರೆಬಸ್, ರಾಸ್ ದ್ವೀಪದ ಮೇಲೆ ತಾನೇ ಒಂದು ಬೆಟ್ಟವಾಗಿ ಎದ್ದುನಿಂತ ಜ್ವಾಲಾಮುಖಿ. ಅದಕ್ಕೆ ‘ಎರೆಬಸ್ ಬೆಟ್ಟ’ವೇ ಸರಿ. ಉತ್ತರ ಕನ್ನಡದವರಿಗೆ ಬೆಟ್ಟ ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು, ಅಂದರೆ ಸೊಪ್ಪಿನ ಬೆಟ್ಟವೂ ಹೌದು ಎಂಬುದು ನೆನಪಿದೆ. ಆದರೂ ಪಟದ ಮೇಲೆ ಗೊಂದಲ ಆಗಲಾರದು.

ನುನಾಟಕ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ಅಂಟಾರ್ಕ್ಟಿಕಾದ ಮೇಲೆ ಹಾಸಿರುವ ಮಂಜುಗಡ್ಡೆಯ ದಪ್ಪ ಸರಾಸರಿ ಸುಮಾರು 2 ಕಿ.ಮೀ. ಬೆಟ್ಟಗಳ ಬಹುಪಾಲು ಅದರೊಳಗೆ ಮುಳುಗಿದೆ. ಅಲ್ಲಲ್ಲಿ ಬಂಡೆಯ ತುದಿ ಮಾತ್ರ ಮಂಜುಗಡ್ಡೆಯನ್ನು ಸೀಳಿಕೊಂಡು ಮೇಲೆದ್ದಿರುತ್ತದೆ. ಅದೇ ನುನಾಟಕ್. ಪಟ ಮಾಡುವವರಿಗೆ ಈ ತುದಿಗಳು ತುಂಬಾ ಮುಖ್ಯ. ಮಂಜುಗಡ್ಡೆ ಹರಿಯುತ್ತಾ ಇರುತ್ತದೆ, ಬಂಡೆ ಕದಲುವುದಿಲ್ಲ. ವಿಮಾನದಿಂದ ತೆಗೆದ ಫೋಟೊಗಳನ್ನು ಪಟಕ್ಕೆ ಕೂರಿಸಲು ನೆಲದ ಮೇಲೆ ಅಳೆದ ಇಂಥ ಗಟ್ಟಿ ಗುರುತುಗಳು ಬೇಕು. 1938-39ರ ಜರ್ಮನ್ ತಂಡ ಸಾವಿರಾರು ಫೋಟೊ ತೆಗೆದರೂ ಅಂಥ ಅಳತೆ ಮಾಡಿರಲಿಲ್ಲ. ಹಾಗಾಗಿ ಅವರು ಹೆಸರಿಟ್ಟ ಕೆಲವು ಬೆಟ್ಟಗಳು ಯಾವುವು ಎಂದು ಆಮೇಲೆ ಗುರುತಿಸುವುದೇ ಕಷ್ಟವಾಯಿತು.

ನುನಾಟಕ್‌ಗೆ ನಾನು ‘ಕೋಡುಗಲ್ಲು’ ಎನ್ನುತ್ತೇನೆ. ಅದರಲ್ಲಿ ಮಂಜುಗಡ್ಡೆಯ ಸುಳಿವೇ ಇಲ್ಲವಲ್ಲ ಎಂದು ಒಬ್ಬ ಗೆಳತಿ ಕೇಳಿದರು. ಮೂಲದ ಗ್ರೀನ್‌ಲ್ಯಾಂಡಿನ ಪದದಲ್ಲೂ ಇಲ್ಲ. ಅಲ್ಲಿ ನುನಾ ಅಂದರೆ ನೆಲ, ಅಷ್ಟೇ. ಸುತ್ತಲೂ ಮಂಜುಗಡ್ಡೆಯೇ ಇರುವಾಗ ಕಣ್ಣಿಗೆ ಬೀಳುವುದು ನೆಲ. ‘ಹಿಮದ್ವೀಪ’ ಮಾತ್ರ ಬೇಡ. ಅದು ಹಿಮದಿಂದಾದ ದ್ವೀಪ ಎಂದು ತಿರುಗಿ ಓದಿಸುತ್ತದೆ.

ಇನ್ನು ಅರ್ಥವಿರುವ ಹೆಸರುಗಳು. ಭಾರತದ ಮೈತ್ರಿ ಸಂಶೋಧನಾ ಕೇಂದ್ರದಿಂದ ನೈಋತ್ಯಕ್ಕೆ, ಡ್ರೋನಿಂಗ್ ಮೌಡ್ ಲ್ಯಾಂಡ್ ಎಂಬ ಪ್ರದೇಶದಲ್ಲಿ, ಫೆನ್ರಿಸ್‌ಶೆಫ್ಟನ್ ಎಂಬ ಬೆಟ್ಟಸಾಲಿದೆ. ನಾರ್ವೆಯವರು ಇಟ್ಟ ಹೆಸರು. ಅವರ ಪುರಾಣದ ಫೆನ್ರಿಸ್ ಎಂಬ ತೋಳದ ಬಾಯಿ ಎಂದು ಅರ್ಥ. ಅಲ್ಲಿನ ಕೆಲವು ಶಿಖರಗಳು ಹಲ್ಲುಗಳು: ಉಲ್ವೆಟಾನ್ನಾ ತೋಳನ ಹಲ್ಲು, ಹೋಲ್‌ಟಾನ್ನಾ ಟೊಳ್ಳು ಹಲ್ಲು, ಶಿನ್‌ಟಾನ್ನಾ ದವಡೆ ಹಲ್ಲು. ಇಷ್ಟು ಚೆಂದದ ಹೆಸರುಗಳನ್ನು ಕನ್ನಡಕ್ಕೆ ತರಲು ಕೈ ತುರಿಸುತ್ತದೆ. ಆದರೆ ಪಟದ ಮೇಲೆ ತರಬಾರದು ಎಂಬುದು ನನ್ನ ಗಟ್ಟಿ ನಿಲುವು. ಅಂಟಾರ್ಕ್ಟಿಕಾದಲ್ಲಿ ಹೆಸರಿಡಲು ಎಲ್ಲರಿಗೂ ಸೇರಿದ ಒಂದೇ ಅಧಿಕಾರವಿಲ್ಲ. ಒಂದೊಂದು ದೇಶವೂ ತನ್ನ ಸಮಿತಿಯ ಮೂಲಕ ಹೆಸರಿಡುತ್ತದೆ. ಒಂದೇ ಬೆಟ್ಟಕ್ಕೆ ಎರಡು ಮೂರು ಹೆಸರು ಬಿದ್ದದ್ದಿದೆ. ಅವನ್ನೆಲ್ಲ ಒಂದೆಡೆ ತರಲು ಸ್ಕಾರ್ ಎಂಬ ಅಂತರರಾಷ್ಟ್ರೀಯ ವಿಜ್ಞಾನ ಸಮಿತಿ ದೊಡ್ಡ ಹೆಸರುಪಟ್ಟಿಯನ್ನೇ ಇಟ್ಟುಕೊಂಡಿದೆ. ನಾವು ‘ತೋಳನ ಹಲ್ಲು’ ಎಂದು ಬರೆದರೆ ಇನ್ನೊಂದು ಹೆಸರು ಸೇರಿಸಿದ ಹಾಗಾಗುತ್ತದೆ. ಪಟದಲ್ಲಿ ಉಲ್ವೆಟಾನ್ನಾ ಇರಲಿ, ಅರ್ಥ ಅಡಿಟಿಪ್ಪಣಿಯಲ್ಲಿ ಬರಲಿ.

ಮೈತ್ರಿ ಇರುವ ಶಿರ್ಮಾಕರ್ ಓಯಸಿಸ್‌ಗೂ ಪದ ಬೇಕು. ಅದು ಮಂಜುಗಡ್ಡೆ ಇಲ್ಲದ ಕಲ್ಲುನೆಲ, ನೂರಕ್ಕೂ ಹೆಚ್ಚು ಕೊಳಗಳಿವೆ. ಮರೂದ್ಯಾನ ಅಂದರೆ ಖರ್ಜೂರದ ಮರ ನೆನಪಾಗುತ್ತದೆ. ‘ಬರಿನೆಲ’ ಸಾಕೇ?

ಕೊನೆಯದು ಸ್ಪರ್. ಬೆಟ್ಟದ ಮೈಯಿಂದ ಪಕ್ಕಕ್ಕೆ ಚಾಚಿಕೊಂಡು ಕೆಳಗಿಳಿಯುವ ಭಾಗ ಅದು. ‘ಏಣು’ ಎಂದು ಬರೆದಿಟ್ಟಿದ್ದೇನೆ, ಆದರೆ ಅದನ್ನು ರಿಜ್‌ಗೆ, ಅಂದರೆ ಬೆಟ್ಟದ ಉದ್ದನೆಯ ನೆತ್ತಿಗೆ, ಉಳಿಸಿಕೊಳ್ಳಬೇಕು ಅನಿಸುತ್ತಿದೆ. ಮಲೆನಾಡು, ಕೊಡಗು, ಸಂಡೂರಿನ ಕಡೆಯವರು ನಿಮ್ಮೂರಿನ ಬೆಟ್ಟದ ಅಂಥ ಚಾಚಿಗೆ ಏನನ್ನುತ್ತೀರಿ? ಹೊಸದಾಗಿ ಕಟ್ಟಿದ್ದು ಬೇಡ, ದನ ಮೇಯಿಸುವವರು, ಸೌದೆಗೆ ಹೋಗುವವರು ಆಡುವ ಪದವಿದ್ದರೆ ತಿಳಿಸಿ. ಯಾವ ಊರಿನ ಕಡೆಯ ಮಾತು ಎಂಬುದನ್ನೂ ಜೊತೆಗೆ ಬರೆಯಿರಿ.