ಈ ಸಲದ ಪಿತೃಪಕ್ಷಕ್ಕೆ ಮಗಳನ್ನ ಊರಿಗೆ ಕರ್ಕೊಂಡು ಹೋಗೋದು ಹೇಗೆ?

ಪಾಂಡವಪುರ ಕಡೆಯವರು, ಲೀಡ್ಸ್
ಎಲ್ಲರಿಗೂ ನಮಸ್ಕಾರ. ನಮ್ಮ ಮನೆತನದವರೆಲ್ಲ ವರ್ಷಕ್ಕೊಂದು ಸಲ ಸೇರೋದು ಪಿತೃಪಕ್ಷಕ್ಕೆ. ಯುಗಾದಿ, ದಸರಾ ತಪ್ಪಿಸಿದ್ರೆ ಯಾರೂ ಏನೂ ಅನ್ನಲ್ಲ. ಮಹಾಲಯ ಅಮಾವಾಸ್ಯೆಗೆ ದೊಡ್ಡಪ್ಪನ ಮನೇಲಿ ಎಡೆ ಇಡೋ ಹೊತ್ತಿಗೆ ಮಾತ್ರ ಅರವತ್ತು ಎಪ್ಪತ್ತು ಜನ ಇರಲೇಬೇಕು.

ಅಪ್ಪ ಹೋಗಿ ಒಂದೂವರೆ ವರ್ಷ ಆಯ್ತು. ಹೋದ ಸಲ ರಜ ಸಿಗಲಿಲ್ಲ, ವಿಡಿಯೋ ಕಾಲ್‌ನಲ್ಲೇ ನೋಡಿದೆ. ಎಲ್ಲರೂ ಧೂಪ ಹಾಕಿ, ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಮುಂದಕ್ಕೆ ಎಳ್ಕೊಂಡು ಹೊರಗೆ ಹೋದ್ರು. ಫೋನು ಒಳಗೇ ಉಳೀತು. ದೀಪದ ಬೆಳಕಲ್ಲಿ ಅಪ್ಪನ ಹೆಸರಿನ ಹೊಸ ಪಂಚೆ, ಕಜ್ಜಾಯ, ಮಟನ್ ಸಾರು, ಒಂದು ಕಟ್ಟು ಬೀಡಿ. ಯಾರೂ ಇಲ್ಲ. ಹತ್ತು ನಿಮಿಷ ನಾನೊಬ್ಬನೇ ನೋಡ್ತಾ ಕೂತಿದ್ದೆ. ಒಂಬತ್ತು ವರ್ಷದ ಮಗಳು ಬಂದು ‘ಅದು ಯಾರಿಗೆ ಊಟ?’ ಅಂದ್ಲು. ‘ತಾತಂಗೆ’ ಅಂದೆ. ಅದಕ್ಕಿಂತ ಹೆಚ್ಚು ಹೇಳೋಕೆ ಆಗ್ಲಿಲ್ಲ.

ಈ ಸಲ ಅಧಿಕ ಜ್ಯೇಷ್ಠ ಬಂದಿದ್ದರಿಂದ ಅಮಾವಾಸ್ಯೆ ಅಕ್ಟೋಬರ್ 10ಕ್ಕೆ. ಇಲ್ಲಿ ಹಾಫ್ ಟರ್ಮ್ (ಟರ್ಮ್ ಮಧ್ಯದ) ರಜ ಸಿಗೋದು ಆ ತಿಂಗಳ ಕೊನೆಗೆ. ಸ್ಕೂಲಲ್ಲಿ ಕೇಳಿದ್ರೆ ಆಗಲ್ಲ ಅಂತಾರೆ. ದೊಡ್ಡಪ್ಪಂಗೆ ಎಂಬತ್ತೆರಡು. ಯಾರಾದ್ರೂ ಹೀಗೆ ಹೋಗಿ ಬಂದಿದ್ರೆ ದಾರಿ ಹೇಳಿ.

ಮದ್ದೂರು ಕಡೆಯವರು, ಲಂಡನ್
ಅಣ್ಣ, ನಾವು ಹೋಗಿ ಬಂದಿದೀವಿ. ಸ್ಕೂಲ್ ತಪ್ಪಿಸಿದ್ದಕ್ಕೆ ಹಾಕೋ ದಂಡದ ಲೆಕ್ಕ ಹತ್ತು ಸೆಷನ್‌ಗೆ (ದಿನಕ್ಕೆ ಎರಡು), ಅಂದ್ರೆ ಐದು ದಿನಕ್ಕೆ. ಹತ್ತು ಸ್ಕೂಲ್ ವಾರದೊಳಗೆ ಅನುಮತಿ ಇಲ್ಲದೆ ಅಷ್ಟು ತಪ್ಪಿದ್ರೆ ಒಂದು ಮಗುಗೆ ಅಪ್ಪಂಗೆ 80 ಪೌಂಡ್, ಅಮ್ಮಂಗೆ 80 ಪೌಂಡ್. 21 ದಿನದಲ್ಲಿ ಕಟ್ಟದಿದ್ರೆ ತಲಾ 160. ಈ ಸಲ 10ನೇ ತಾರೀಕು ಶನಿವಾರ ಬಿದ್ದಿದೆ, ಅದೇ ಅನುಕೂಲ. ಬುಧವಾರ ಸ್ಕೂಲು ಬಿಟ್ಟ ಮೇಲೆ ಹೊರಡಿ, ಬುಧವಾರ ಬೆಳಿಗ್ಗೆ ಮಗಳು ಸ್ಕೂಲಲ್ಲಿರೋ ಹಾಗೆ ವಾಪಸ್ ಬನ್ನಿ. ತಪ್ಪೋದು ನಾಲ್ಕೇ ದಿನ, ಎಂಟು ಸೆಷನ್. ಅದಕ್ಕೂ ಮುಂಚೆ, ಬಂದ ಮೇಲೂ ಮಗಳು ರಜ ಹಾಕದ ಹಾಗೆ ನೋಡ್ಕೊಳ್ಳಿ. ಹೆಡ್‌ಟೀಚರ್‌ಗೆ ನಿಜವಾದ ಕಾರಣಾನೇ ಬರೀರಿ, ಹುಷಾರಿಲ್ಲ ಅಂತ ಸುಳ್ಳು ಬೇಡ.

ಮೇಲುಕೋಟೆಯವರು, ನ್ಯೂಜೆರ್ಸಿ
ನಮ್ಮನೇಲಿ ಎಲ್ಲರೂ ಸೇರ್ತಿದ್ದಿದ್ದು ವೈರಮುಡಿಗೆ. ರಾತ್ರಿಯಿಡೀ ಉತ್ಸವ ನೋಡಿ, ಬೆಳಗಿನ ಜಾವ ಅತ್ತೆ ಮಾಡಿದ ಪುಳಿಯೋಗರೆ ತಿಂದು, ಹಜಾರದಲ್ಲಿ ಚಾಪೆ ಹಾಸ್ಕೊಂಡು ಇಪ್ಪತ್ತು ಜನ ಮಲಗ್ತಿದ್ವಿ. ಮುಂದಿನ ವರ್ಷ, ಮುಂದಿನ ವರ್ಷ ಅಂತ ಹದಿನಾಲ್ಕು ವರ್ಷ ತಳ್ಳಿದೆ. ಈಗ ಅತ್ತೆ ಇಲ್ಲ. ಮನೆ ಮಾರಿ ಆಯ್ತು. ಹೋಗಿಬಿಡಿ, ಯೋಚನೆ ಮಾಡಬೇಡಿ.

ಮಂಡ್ಯದವರು, ಡಲ್ಲಾಸ್
ನಾನು ಇಲ್ಲಿಗೆ ಬಂದು ಇಪ್ಪತ್ತೇಳು ವರ್ಷ. ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾಲ್ಕು ದಿನ ಕರ್ಕೊಂಡೋಗಿ ಎಡೆ ಮುಂದೆ ನಿಲ್ಸಿದ್ರೆ ಮಗು ನಮ್ಮದಾಗಲ್ಲ. ಅದಕ್ಕೆ ಕನ್ನಡ ಬರುತ್ತಾ? ದೊಡ್ಡಪ್ಪ ‘ಬಾ ಮಗ, ಉಂಡ್ಯಾ’ ಅಂದ್ರೆ ಅರ್ಥ ಆಗುತ್ತಾ? ನನ್ನ ಮಗ ಎಲ್ಲ ಹಬ್ಬಕ್ಕೂ ಬಂದ. ಚಿಕ್ಕಪ್ಪ ದೊಡ್ಡಪ್ಪಂದಿರ ಮಧ್ಯೆ ಫೋನ್ ನೋಡ್ತಾ ಕೂತ. ಅವನ ಜೊತೆ ಮನೇಲಿ ಇಂಗ್ಲಿಷ್ ಮಾತಾಡಿದ್ದು ನಾನೇ, ತಪ್ಪು ನಂದೇ. ಹತ್ತು ತುಂಬೋದ್ರೊಳಗೆ ಮೈಸೂರಿಗೆ ವಾಪಸ್ ಹೋಗಿಬಿಡಿ. ಆಮೇಲೆ ಆಗಲ್ಲ.

ಕೆ.ಆರ್. ಪೇಟೆಯವರು, ಟೊರೊಂಟೊ
ನೂರಕ್ಕೆ ನೂರು ಸತ್ಯ ಸಾರ್.

ಮೈಸೂರಿನವರು, ಸಿಡ್ನಿ
ವಾಪಸ್ ಹೋಗಿ ಅನ್ನೋದು ಸುಲಭ ಸಾರ್, ಹೆಂಡ್ತಿ ಕೆಲಸ, ಮನೆ ಸಾಲ ಏನಾಗ್ಬೇಕು? ನಮಗೆ ಸಿಡ್ನಿಲಿ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಸ್ಕೂಲ್ ರಜ ಇರೋದ್ರಿಂದ ಪಕ್ಷ ಮುಗಿಸಿ ದಸರಾ ಶುರುವಾಗೋದನ್ನೂ ನೋಡ್ಕೊಂಡು ಬರ್ತೀವಿ. ನನ್ನ ಮಕ್ಕಳಿಗೆ ಕನ್ನಡ ಅರ್ಧಂಬರ್ಧ. ಆದ್ರೂ ಅಜ್ಜಿ ಜೊತೆ ಕೂತು ಒತ್ತು ಶಾವಿಗೆ ಒತ್ತಕ್ಕೆ ಭಾಷೆ ಬೇಕಾಗಲಿಲ್ಲ.

ಮಂಡ್ಯದವರು, ಡಲ್ಲಾಸ್
ಶಾವಿಗೆ ಒತ್ತೋದು ಬೇರೆ ತಾಯಿ, ಸಂಬಂಧ ಬೇರೆ.

ನಾಗಮಂಗಲದವರು, ದುಬೈ
ಊರಲ್ಲಿರೋರ ಮನಸ್ಸೂ ನೋಡಿ. ನಮ್ಮಲ್ಲಿ ಹೋದ ವರ್ಷ ಎಲ್ಲ ಸೇರಿದ ದಿನವೇ ಭಾಗದ ಮಾತು ಬಂತು. ಫಾರಿನ್ನಲ್ಲಿರೋನಿಗೆ ಜಮೀನು ಯಾಕೆ ಅಂದ್ರು. ಅನ್ನ ಸೇರಲಿಲ್ಲ.

ಕೆ.ಆರ್. ಪೇಟೆಯವರು, ಟೊರೊಂಟೊ
ಓಸಿಐ (ಬೇರೆ ದೇಶದ ಪೌರತ್ವ ತಗೊಂಡ ಭಾರತ ಮೂಲದವರಿಗೆ ಕೊಡೋ ಕಾರ್ಡ್) ಇದ್ರೆ ಕೃಷಿ ಜಮೀನು ಕೊಂಡ್ಕೊಳ್ಳೋಕೆ ಆಗಲ್ಲ, ಪಿತ್ರಾರ್ಜಿತವಾಗಿ ಬಂದಿದ್ದು ಇಟ್ಕೋಬಹುದು. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಪಾಂಡವಪುರ ಕಡೆಯವರು, ಲೀಡ್ಸ್
ಎಲ್ಲರಿಗೂ ಧನ್ಯವಾದ. ಮೈಸೂರಿಗೆ ವಾಪಸ್ ಹೋಗೋ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ ಸಾರ್, ರಾತ್ರಿಯೆಲ್ಲ ಅದೇ ಯೋಚನೆ ಆಯ್ತು. ನಿನ್ನೆ ದೊಡ್ಡಪ್ಪಂಗೆ ಫೋನ್ ಮಾಡಿದ್ದೆ. ಬೇಸಿಗೇಲಿ ಸೇರೋಣವಾ ಅಂದೆ. ‘ಸತ್ತೋರಿಗೆ ರಜ ಗೊತ್ತಾದದೇನಪ್ಪ? ನೀನು ಬಂದಾಗ ಕೋಳಿ ಕುಯ್ಯುವ. ಎಡೆ ಮಾತ್ರ ಅಮಾಸೆಗೇ’ ಅಂದ್ರು.

ಮಂಡ್ಯದವರು, ಡಲ್ಲಾಸ್
ನೋಡಿ, ಹಿರಿಯರ ಮಾತು. ಕನ್ನಡ ಕಲಿಸಿ ಮೊದಲು.

ಮದ್ದೂರು ಕಡೆಯವರು, ಲಂಡನ್
ಅಣ್ಣ, ನಾಲ್ಕು ದಿನದ ಲೆಕ್ಕ ನೋಡಿದ್ರಾ? ಮಗಳಿಗೆ ಹೊಸ ಪಾಸ್‌ಪೋರ್ಟ್ ಬಂದಿದ್ರೆ, ಅದರ ಪ್ರತೀನೂ ಫೋಟೋನೂ ಓಸಿಐ ವೆಬ್‌ಸೈಟಿಗೆ ಈಗಲೇ ಹಾಕಿಬಿಡಿ, ದುಡ್ಡು ಕಟ್ಟೋ ಹಾಗಿಲ್ಲ. ಟಿಕೆಟ್ ಬುಕ್ ಮಾಡೋ ಮುಂಚೆ ಒಂದ್ಸಲ ಫೋನ್ ಮಾಡಿ.